ಮಕ್ಕಳ ಬೊಜ್ಜಿನ ತಡೆಗೆ ಊರಿನ ಆಟ ಮತ್ತು ವಿದ್ಯಾರ್ಥಿ ಸ್ವಯಂಸೇವಕರು

(ಬಿಜೂರಿನ ರೈತ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಭತ್ತದ ಗದ್ದೆಗೆ ಯೂರಿಯಾ ಹೆಚ್ಚಾದರೆ ಏನಾಗುತ್ತದೆ ಎಂಬುದು ಬಿಜೂರಿನ ರೈತರಿಗೆ ತಿಳಿಯದ ಸಂಗತಿಯಲ್ಲ. ಪೈರು ಕಡು ಹಸಿರಾಗಿ ಸೊಂಪಾಗಿ ಬೆಳೆಯುತ್ತದೆ. ದಾರಿಹೋಕರು ನಿಂತು ನೋಡಿ, "ಈ ಸಲ ಬೆಳೆ ಭರ್ಜರಿ" ಎಂದು ಹೊಗಳುತ್ತಾರೆ. ಆದರೆ ದಂಟಿನಲ್ಲಿ ಕಸುವಿರುವುದಿಲ್ಲ. ಬೆಂಕಿ ರೋಗ ಮತ್ತು ಕಂದು ಜಿಗಿಹುಳು ಮೊದಲು ಹುಡುಕಿಕೊಂಡು ಬರುವುದು ಅಂಥ ಗದ್ದೆಯನ್ನೇ. ತೆನೆ ತುಂಬುವ ಹೊತ್ತಿಗೆ ಒಂದು ಗಾಳಿಮಳೆ ಬಂದರೆ ಪೈರು ನೆಲಕ್ಕೆ ಒರಗುತ್ತದೆ. ಹೊಗಳಿಕೆಯಷ್ಟೇ ಉಳಿಯುತ್ತದೆ, ಕಣಜಕ್ಕೆ ಭತ್ತ ಬರುವುದಿಲ್ಲ.

ಮಕ್ಕಳ ಮೈ ಬೆಳವಣಿಗೆಯಲ್ಲಿಯೂ ಇದೇ ಮಾತು ನಿಜ. ಎಂಟು ಹತ್ತು ವರ್ಷದ ಮಗು ದುಂಡು ದುಂಡಾಗಿದ್ದರೆ ಮನೆಯ ಹಿರಿಯರಿಗೆ ಸಂತೋಷ. "ಮಗು ಪುಷ್ಟಿಯಾಗಿದೆ, ಕಣ್ಣು ಹಾಕಬೇಡಿ" ಎಂದು ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಹಸಿವಿನ ಕಾಲವನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಆ ಮಗು ಶಾಲೆಯ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದರೆ, ಬಯಲಲ್ಲಿ ಹತ್ತು ಹೆಜ್ಜೆ ಓಡಿ ನಿಂತುಬಿಡುತ್ತಿದ್ದರೆ, ಅದು ಪುಷ್ಟಿಯಲ್ಲ, ಬೊಜ್ಜು. ಬೊಜ್ಜು ಪಟ್ಟಣದ ಸಿರಿವಂತರ ಮಕ್ಕಳಿಗೆ ಮಾತ್ರ ಬರುವ ತೊಂದರೆ ಎಂಬ ಭಾವನೆ ಹಳ್ಳಿಗಳಲ್ಲಿದೆ. ಅದು ಸರಿಯಲ್ಲ. ಹಳ್ಳಿಯ ದಿನಚರಿ ಪಟ್ಟಣದ ದಿನಚರಿಯಂತೆ ಬದಲಾದ ಕಡೆಗಳಲ್ಲೆಲ್ಲ ಈ ತೊಂದರೆಯೂ ಜೊತೆಯಲ್ಲಿ ಬರುತ್ತದೆ.

ಬದಲಾದ ದಿನಚರಿ

ಬಿಜೂರು ಪಶ್ಚಿಮದ ಕಡಲಿಗೂ ಪೂರ್ವದ ಸಹ್ಯಾದ್ರಿಗೂ ನಡುವೆ ಇರುವ ಊರು. ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯ ಗದ್ದೆಗಳು, ತೆಂಗಿನ ತೋಟ, ಗೇರಿನ ಹಾಡಿ ಇರುವ ಸೀಮೆ ಇದು. ಹಿಂದಿನ ಕಾಲದಲ್ಲಿ ಇಂಥ ಊರಿನ ಮಗು ದಿನವೊಂದಕ್ಕೆ ಎಷ್ಟು ನಡೆಯುತ್ತಿತ್ತು ಎಂಬುದನ್ನು ಹಿರಿಯರು ನೆನಪು ಮಾಡಿಕೊಳ್ಳಬಹುದು. ಗದ್ದೆಯ ಅಂಚಿನ ಮೇಲೆ ಶಾಲೆಗೆ ಹೋಗಿ ಬರುವುದು, ದನಗಳನ್ನು ಹಾಡಿಗೆ ಹೊಡೆಯುವುದು, ದರಗು ಗುಡಿಸಿ ಹೊರುವುದು, ಬಾವಿಯಿಂದ ನೀರು ಸೇದುವುದು, ಬೇಸಗೆಯಲ್ಲಿ ಗೇರುಬೀಜ ಹೆಕ್ಕುವುದು. ಇದಾದ ಮೇಲೆ ಕತ್ತಲಾಗುವ ತನಕ ಆಟ.

ಇಂದು ನಾಟಿಗೆ ಯಂತ್ರ ಬಂದಿದೆ, ಕಟಾವಿಗೂ ಯಂತ್ರ ಬಂದಿದೆ. ಕೊಟ್ಟಿಗೆಯ ದನಗಳು ಕಡಿಮೆಯಾಗಿವೆ. ಬಾವಿಗೆ ಪಂಪು ಬಂದಿದೆ. ಊರಿನ ಬದಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಪಥವಾಗಿದೆ. ಮಗುವನ್ನು ಅದರ ಪಕ್ಕದಲ್ಲಿ ನಡೆಸಲು ತಾಯಂದಿರಿಗೆ ಹೆದರಿಕೆ. ಹಾಗಾಗಿ ಶಾಲೆಯ ವಾಹನ ಮನೆಯ ಬಾಗಿಲಿಗೇ ಬರುತ್ತದೆ. ಸಂಜೆ ಮನೆಗೆ ಬಂದ ಮಗುವಿನ ಕೈಗೆ ಒಂದು ಪೊಟ್ಟಣ, ಇನ್ನೊಂದು ಕೈಗೆ ಮೊಬೈಲು.

ಇದರ ಅರ್ಥ ಮಕ್ಕಳನ್ನು ಮತ್ತೆ ಹೊರೆ ಹೊರಲು ಹಚ್ಚಬೇಕೆಂದಲ್ಲ. ಮಕ್ಕಳು ಶಾಲೆಯಲ್ಲಿರಬೇಕು, ದುಡಿಮೆಯಲ್ಲಲ್ಲ. ಯಂತ್ರಗಳು ದೊಡ್ಡವರ ಬೆನ್ನನ್ನು ಉಳಿಸಿವೆ. ಅದೂ ಒಳ್ಳೆಯದೇ. ಆದರೆ ದುಡಿಮೆ ಹೋದ ಜಾಗದಲ್ಲಿ ಆಟ ಬರಬೇಕಿತ್ತು, ಅದು ಬರಲಿಲ್ಲ. ಈ ಖಾಲಿ ಜಾಗವನ್ನು ಹೇಗೆ ತುಂಬಬೇಕೆಂಬುದೇ ಈ ಭಾಷಣದ ವಿಷಯ.

ಅಂಕಿ ಸಂಖ್ಯೆಗಳು ಹೇಳುವುದೇನು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 1990ರಲ್ಲಿ ಜಗತ್ತಿನ 5ರಿಂದ 19 ವರ್ಷದ ಮಕ್ಕಳಲ್ಲಿ ನೂರಕ್ಕೆ 8 ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕದವರಾಗಿದ್ದರು. 2022ರಲ್ಲಿ ಈ ಸಂಖ್ಯೆ ನೂರಕ್ಕೆ 20 ಆಯಿತು. ಅವರಲ್ಲಿ ಬೊಜ್ಜಿನ ಮಟ್ಟಕ್ಕೆ ತಲುಪಿದವರು ನೂರಕ್ಕೆ 2 ಇದ್ದುದು 8ಕ್ಕೆ ಏರಿತು. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚು ತೂಕದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 2.1 ಇದ್ದರು. 2019-21ರ ಸಮೀಕ್ಷೆಯಲ್ಲಿ 3.4 ಆದರು. ಸಂಖ್ಯೆ ಇನ್ನೂ ಸಣ್ಣದು, ನಿಜ. ಆದರೆ ಗದ್ದೆಯ ಮೂಲೆಯಲ್ಲಿ ನಾಲ್ಕು ಎಲೆಗಳಲ್ಲಿ ಚುಕ್ಕೆ ಕಂಡಾಗಲೇ ಜಾಣ ರೈತ ಎಚ್ಚರಗೊಳ್ಳುತ್ತಾನೆ. ಇಡೀ ಗದ್ದೆ ಒಣಗುವ ತನಕ ಕಾಯುವುದಿಲ್ಲ. ಅದೇ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ, ಗಂಡಸರಿರಲಿ ಹೆಂಗಸರಿರಲಿ, ನೂರಕ್ಕೆ ಸುಮಾರು 30 ಮಂದಿ ಹೆಚ್ಚು ತೂಕದವರು. ಮಕ್ಕಳು ಯಾವ ದಾರಿಯಲ್ಲಿ ಸಾಗುತ್ತಿದ್ದಾರೆ ಎಂಬುದಕ್ಕೆ ಇದೇ ಸೂಚನೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಇದೇ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಾಗಾಗಿ ಒಂದೇ ತರಗತಿಯ ಒಂದು ಬೆಂಚಿನಲ್ಲಿ ಸೊರಗಿದ ಮಗುವೂ ಇನ್ನೊಂದರಲ್ಲಿ ಬೊಜ್ಜಿನ ಮಗುವೂ ಕುಳಿತಿರುವುದುಂಟು. ಇಬ್ಬರಿಗೂ ಸರಿಯಾದ ಊಟ ಬೇಕು, ಇಬ್ಬರಿಗೂ ಆಟ ಬೇಕು. ಆದುದರಿಂದ ದಪ್ಪ ಮಕ್ಕಳನ್ನು ಮಾತ್ರ ಬೇರ್ಪಡಿಸಿ ಓಡಿಸುವ ಯೋಜನೆ ಬೇಕಿಲ್ಲ. ಊರಿನ ಎಲ್ಲ ಮಕ್ಕಳೂ ಆಡುವ ಯೋಜನೆ ಬೇಕು.

ಬೊಜ್ಜಿನ ಮಕ್ಕಳಲ್ಲಿ ಬಹಳಷ್ಟು ಮಂದಿ ದೊಡ್ಡವರಾದ ಮೇಲೂ ಬೊಜ್ಜಿನವರಾಗಿಯೇ ಉಳಿಯುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿ ನೋವು ಬೇಗನೆ ಬರುತ್ತವೆ. ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವ ಸಂಭವ ಹೆಚ್ಚು. ತಿಂಗಳು ತಿಂಗಳೂ ಔಷಧಕ್ಕೆ ಹಣ ಹೊಂದಿಸುವ ಕಷ್ಟವನ್ನು ಸಣ್ಣ ಹಿಡುವಳಿಯ ಮನೆಗಳಿಗೆ ವಿವರಿಸಬೇಕಾಗಿಲ್ಲ.

ಆದಾಯ ಮತ್ತು ಖರ್ಚಿನ ಲೆಕ್ಕ

ಆಹಾರದ ಶಕ್ತಿಯನ್ನು ಕ್ಯಾಲೊರಿ ಎಂಬ ಮಾನದಲ್ಲಿ ಅಳೆಯುತ್ತಾರೆ. ತಿಂದದ್ದು ಆದಾಯ, ಬೆಳವಣಿಗೆಗೂ ಓಡಾಟಕ್ಕೂ ಬಳಸಿದ್ದು ಖರ್ಚು. ಮಿಕ್ಕದ್ದು ಕೊಬ್ಬಾಗಿ ಮೈಯಲ್ಲಿ ಜಮೆಯಾಗುತ್ತದೆ. 50 ಗ್ರಾಮಿನ ಒಂದು ಆಲೂಗಡ್ಡೆ ಚಿಪ್ಸ್ ಪೊಟ್ಟಣದಲ್ಲಿ ಸುಮಾರು 270 ಕ್ಯಾಲೊರಿ ಇದೆ. 300 ಮಿಲಿಲೀಟರಿನ ಒಂದು ಸಿಹಿ ತಂಪು ಪಾನೀಯದಲ್ಲಿ ಸುಮಾರು ಎಂಟು ಚಹಾ ಚಮಚದಷ್ಟು ಸಕ್ಕರೆ, ಅಂದರೆ ಸುಮಾರು 130 ಕ್ಯಾಲೊರಿ ಇದೆ. ಎರಡೂ ಸೇರಿ 400. ಮೂವತ್ತು ಕಿಲೊ ತೂಕದ ಮಗು ಅರ್ಧ ಗಂಟೆ ಚುರುಕಾಗಿ ಓಡಾಡಿ ಆಡಿದರೆ ಖರ್ಚಾಗುವುದು ಸುಮಾರು 100 ಕ್ಯಾಲೊರಿ. ಅಂದರೆ ಐದು ನಿಮಿಷದಲ್ಲಿ ತಿಂದು ಕುಡಿದುದನ್ನು ಕರಗಿಸಲು ಎರಡು ಗಂಟೆ ಓಡಬೇಕು.

ಈ ಲೆಕ್ಕದಿಂದ ಎರಡು ಪಾಠಗಳಿವೆ. ಒಂದು, ಆಟವೊಂದರಿಂದಲೇ ಬೊಜ್ಜು ಹೋಗುವುದಿಲ್ಲ, ಊಟವೂ ಸರಿಯಾಗಬೇಕು. ಎರಡು, ದಿನವೂ ಸ್ವಲ್ಪ ಸ್ವಲ್ಪ ಮಿಕ್ಕುವುದೇ ವರ್ಷದ ಕೊನೆಗೆ ದೊಡ್ಡ ಮೊತ್ತವಾಗುತ್ತದೆ. ದಿನಕ್ಕೆ 50 ಕ್ಯಾಲೊರಿ ಮಿಕ್ಕರೆ ಬರೀ ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು 2 ಕಿಲೊ ಕೊಬ್ಬು. ದೇಹ ಇಷ್ಟು ನೇರವಾದ ಲೆಕ್ಕದಲ್ಲಿ ನಡೆಯುವುದಿಲ್ಲವಾದರೂ ಸಾಗುವ ದಿಕ್ಕು ಇದೇ. ಆದ್ದರಿಂದ ವರ್ಷಕ್ಕೊಮ್ಮೆ ನಡೆಯುವ ಕ್ರೀಡಾಕೂಟದಿಂದ ಏನೂ ಆಗದು. ದಿನದ ಆಟ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆಚ್ಚಗಾಗುವಂಥ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಪಂದ್ಯಾಟ ಬೇರೆ, ಆಟ ಬೇರೆ

ಕುಂದಾಪುರ ಬೈಂದೂರು ಸೀಮೆಗೆ ಆಟ ಹೊಸದಲ್ಲ. ಇಲ್ಲಿಯ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾಟಗಳಿಗೆ ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ಜನ ಸೇರುತ್ತಾರೆ. ವಂಡ್ಸೆ ಸಮೀಪದ ಗುರುರಾಜ ಪೂಜಾರಿಯವರು 2018ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೊ ವಿಭಾಗದ ಭಾರ ಎತ್ತುವ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ 61 ಕಿಲೊ ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ವಾಹನ ಚಾಲಕರ ಮನೆಯಿಂದ ಬಂದ ಈ ತರುಣನ ಸಾಧನೆ ಇಡೀ ಸೀಮೆಗೆ ಅಭಿಮಾನದ ವಿಷಯ. ಹಳ್ಳಿಯ ಮಗುವೂ ಇಷ್ಟೆತ್ತರಕ್ಕೆ ಏರಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಪಂದ್ಯಾಟದ ಅಂಗಳವನ್ನು ಇನ್ನೊಮ್ಮೆ ಗಮನಿಸಿ ನೋಡಬೇಕು. ಅಂಕಣದೊಳಗೆ ಆಡುವವರು ಹದಿನಾಲ್ಕು ಜನ. ಸುತ್ತ ಕುಳಿತು ನೋಡುವವರು ಸಾವಿರ ಜನ. ನೋಡುವವರ ಕೈಯಲ್ಲಿ ಗೋಬಿ ಮಂಚೂರಿ, ಐಸ್‌ಕ್ರೀಮು, ತಂಪು ಪಾನೀಯ. ಶಾಲೆಯ ತಂಡಕ್ಕೆ ಆಟಗಾರರನ್ನು ಆರಿಸುವಾಗಲೂ ಹೀಗೆಯೇ. ಚುರುಕಾದ ಹತ್ತು ಮಕ್ಕಳನ್ನು ಆರಿಸಿ ಅವರಿಗೆ ಅಭ್ಯಾಸ ಕೊಡುತ್ತಾರೆ. ಉಳಿದವರು ಚಪ್ಪಾಳೆ ತಟ್ಟಬೇಕು. ದಪ್ಪಗಿರುವ ಹುಡುಗನ ಕೈಗೆ ಪುಸ್ತಕ, ಪೆನ್ಸಿಲು ಕೊಟ್ಟು ಅಂಕ ಬರೆಯಲು ಕೂರಿಸುತ್ತಾರೆ. ಪ್ರತಿ ಶಾಲೆಯಲ್ಲೂ ಅಂಕ ಬರೆಯುವ ಇಂಥ ಒಬ್ಬ ಹುಡುಗ, ಎಲ್ಲರ ಚೀಲ ಕಾಯುವ ಇಂಥ ಒಬ್ಬಳು ಹುಡುಗಿ ಇದ್ದೇ ಇರುತ್ತಾರೆ. ಯಾರಿಗೆ ಆಟ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವರೇ ಆಟದ ಹೊರಗೆ ಉಳಿಯುತ್ತಾರೆ. ಒಣಗುವ ಸಸಿಯನ್ನು ಬಿಟ್ಟು ಚಿಗುರಿದ ಸಸಿಗೇ ನೀರು ಹೊಯ್ದಂತೆ ಇದು.

ಪಂದ್ಯಾಟಗಳು ನಡೆಯಲಿ. ಆದರೆ ಬೊಜ್ಜಿನ ತಡೆಗೆ ಬೇಕಾದದ್ದು ಸೋಲು ಗೆಲುವಿನ ಲೆಕ್ಕವಿಲ್ಲದ, ಎಲ್ಲ ಮಕ್ಕಳೂ ಸೇರುವ, ದಿನ ಬಿಡದೆ ನಡೆಯುವ ಆಟ.

ಹೊರನಾಡಿನ ಎರಡು ಅನುಭವಗಳು

ಈ ಕೆಲಸ ಸಣ್ಣ ಊರುಗಳಲ್ಲಿ ಸಾಧ್ಯವೇ ಎಂದು ಕೇಳಬಹುದು. ಫ್ರಾನ್ಸ್ ದೇಶದ ಉತ್ತರ ಭಾಗದ ಫ್ಲರ್‌ಬೇ ಮತ್ತು ಲಾವಾಂತಿ ಎಂಬ ಎರಡು ಪುಟ್ಟ ಊರುಗಳಲ್ಲಿ 1992ರಲ್ಲಿ ಶಾಲೆಗಳ ಮೂಲಕ ಆಹಾರದ ತಿಳುವಳಿಕೆ ಕೊಡುವ ಕೆಲಸ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಫಲ ಕಾಣಲಿಲ್ಲ. 2000ದ ತನಕ ದಪ್ಪ ಮಕ್ಕಳ ಪ್ರಮಾಣ ಏರುತ್ತಲೇ ಹೋಯಿತು. ಈ ನಡುವೆ ಕೆಲಸ ಶಾಲೆಯ ಗೋಡೆ ದಾಟಿ ಊರಿಗೆ ಬಂತು. ಆಟದ ಜಾಗಗಳನ್ನು ಮಾಡಿದರು, ಆಟ ಕಲಿಸುವವರನ್ನು ನೇಮಿಸಿದರು, ಮಕ್ಕಳು ಶಾಲೆಗೆ ನಡೆದುಕೊಂಡು ಹೋಗುವ ಏರ್ಪಾಡು ಮಾಡಿದರು. ಅಂಗಡಿಯವರು, ವೈದ್ಯರು, ಪಾಲಕರು ಕೈಜೋಡಿಸಿದರು. 2004ರಲ್ಲಿ ನೋಡಿದಾಗ ಈ ಊರುಗಳಲ್ಲಿ ಹೆಚ್ಚು ತೂಕದ ಮಕ್ಕಳು ನೂರಕ್ಕೆ 8.8 ಇದ್ದರೆ, ಹೋಲಿಕೆಗೆ ತೆಗೆದುಕೊಂಡ ಅಕ್ಕಪಕ್ಕದ ಊರುಗಳಲ್ಲಿ 17.8 ಇದ್ದರು. ಬರೀ ಪಾಠದಿಂದ ಆಗದ್ದು ಊರೆಲ್ಲ ಸೇರಿದಾಗ ಆಯಿತು, ಅದೂ ಹನ್ನೆರಡು ವರ್ಷಗಳ ತಾಳ್ಮೆಯಿಂದ.

ಎರಡನೆಯದು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಪಟ್ಟಣದ ಒಂದು ಪ್ರಾಥಮಿಕ ಶಾಲೆಯದು. ಮಕ್ಕಳು ಸ್ವಲ್ಪ ಓಡಿದರೂ ಸುಸ್ತಾಗುವುದನ್ನು ಕಂಡು 2012ರಲ್ಲಿ ಅಲ್ಲಿಯ ಮುಖ್ಯೋಪಾಧ್ಯಾಯಿನಿ ದಿನವೂ 15 ನಿಮಿಷ ಎಲ್ಲ ಮಕ್ಕಳನ್ನು ಬಯಲಿನ ಸುತ್ತ ಓಡಲು ಅಥವಾ ನಡೆಯಲು ಬಿಟ್ಟರು. ಅದಕ್ಕೆ ವಿಶೇಷ ಉಡುಪಿಲ್ಲ, ಸಲಕರಣೆಯಿಲ್ಲ, ಬಹುಮಾನವಿಲ್ಲ. ಆಗದವರು ನಡೆಯಬಹುದು. ಈ ಕ್ರಮ ಅನೇಕ ದೇಶಗಳ ಶಾಲೆಗಳಿಗೆ ಹಬ್ಬಿದೆ. ಒಂದು ರೂಪಾಯಿ ಖರ್ಚಿಲ್ಲದ ಈ ಪದ್ಧತಿಯನ್ನು ಬಿಜೂರಿನ ಶಾಲೆಗಳಲ್ಲಿಯೂ ನಾಳೆಯಿಂದಲೇ ಆರಂಭಿಸಬಹುದು.

ನಡೆಸುವವರು ಯಾರು?

ಮಕ್ಕಳ ಸಂಖ್ಯೆ ಕಡಿಮೆ ಇರುವ ಶಾಲೆಗಳಿಗೆ ಪ್ರತ್ಯೇಕ ದೈಹಿಕ ಶಿಕ್ಷಕರಿರುವುದು ಅಪರೂಪ. ತಂದೆತಾಯಿಗೆ ಸಂಜೆ ಬಿಡುವಿಲ್ಲ. ಇಲ್ಲಿ ನೆರವಿಗೆ ಬರಬಲ್ಲವರು ಕಾಲೇಜು ವಿದ್ಯಾರ್ಥಿಗಳು.

ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದುದು ಗಾಂಧೀ ಶತಮಾನೋತ್ಸವದ 1969ರಲ್ಲಿ, 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳಿಂದ. ಇದರಲ್ಲಿ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು. ಏಳು ದಿನಗಳ ವಿಶೇಷ ಶಿಬಿರವೂ ಉಂಟು. ಶಿಬಿರ ಬಂದಾಗ ಊರಿನವರು ರಸ್ತೆ ಬದಿಯ ಪೊದೆ ಕಡಿಸುತ್ತಾರೆ, ಶಾಲೆಗೆ ಸುಣ್ಣ ಹೊಡೆಸುತ್ತಾರೆ. ಅದು ಆಗಬೇಕಾದ ಕೆಲಸವೇ. ಆದರೆ ಶಿಬಿರ ಮುಗಿದ ಮರುತಿಂಗಳು ಪೊದೆ ಮತ್ತೆ ಬೆಳೆಯುತ್ತದೆ. ಅದೇ ಗಂಟೆಗಳನ್ನು ಮಕ್ಕಳ ಆಟಕ್ಕೆ ತಿರುಗಿಸಿದರೆ ಫಲ ಬಹುಕಾಲ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಬಹುದು. ಒಂದು ಊರಿಗೆ ಹತ್ತು ಸ್ವಯಂಸೇವಕರು ಸಾಕು. ವಾರದಲ್ಲಿ ಐದು ಸಂಜೆ ಆಟ, ಸಂಜೆಗೆ ನಾಲ್ವರು. ಆಗ ಒಬ್ಬೊಬ್ಬರ ಪಾಲಿಗೆ ವಾರಕ್ಕೆ ಎರಡು ಸಂಜೆ, ಎರಡು ಗಂಟೆ. ವರ್ಷದಲ್ಲಿ 40 ವಾರ ಹಿಡಿದರೆ 80 ಗಂಟೆ. 120 ಗಂಟೆಗಳ ಸೇವೆಯೊಳಗೆ ಇದು ಸುಲಭವಾಗಿ ಸೇರುತ್ತದೆ. ಆದರೆ ಇದಕ್ಕೆ ಗ್ರಾಮ ಪಂಚಾಯಿತಿ ಅಥವಾ ಶಾಲಾಭಿವೃದ್ಧಿ ಸಮಿತಿ ಕಾಲೇಜಿನ ಯೋಜನಾಧಿಕಾರಿಗೆ ಬರವಣಿಗೆಯಲ್ಲಿ ಕೋರಿಕೆ ಸಲ್ಲಿಸಬೇಕು. ಆರಿಸುವಾಗ ಅದೇ ಊರಿನಿಂದ ಕಾಲೇಜಿಗೆ ಹೋಗಿ ಬರುವ ಹುಡುಗ ಹುಡುಗಿಯರಿಗೆ ಮೊದಲ ಆದ್ಯತೆ ಕೊಡುವುದು ಲೇಸು. ಅವರಿಗೆ ಸಂಜೆಯ ಬಸ್ಸಿನ ಚಿಂತೆಯಿಲ್ಲ, ಮಕ್ಕಳೆಲ್ಲರ ಪರಿಚಯವೂ ಇರುತ್ತದೆ. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿ ತಂಗುವ ಕೃಷಿ ಪದವಿ ವಿದ್ಯಾರ್ಥಿಗಳೂ ತಾವಿರುವಷ್ಟು ದಿನ ಸೇರಿಕೊಳ್ಳಬಹುದು.

ಕಾಲೇಜಿನ ಪರೀಕ್ಷೆಗಳ ಕಾಲದಲ್ಲಿ ಆಟ ನಿಲ್ಲಬಾರದು. ಆಗ ಯುವಕ ಮಂಡಲದವರು ಹೊಣೆ ಹೊರಬೇಕು. ನೀರಿನ ಸರದಿಯಂತೆ ಆಟದ ಸರದಿಯನ್ನೂ ಬರೆದು ಗೋಡೆಗೆ ಹಚ್ಚಿದರೆ ಗೊಂದಲವಿರುವುದಿಲ್ಲ.

ಜಾಗ ಮತ್ತು ಹಂಗಾಮು

ಆಟಕ್ಕೆ ದೊಡ್ಡ ಕ್ರೀಡಾಂಗಣ ಬೇಡ. ಕಾರ್ತಿ ಬೆಳೆ ಕಟಾವಾದ ಮೇಲೆ ಅನೇಕ ಬೆಟ್ಟು ಗದ್ದೆಗಳು ಪಾಳು ಬಿದ್ದಿರುತ್ತವೆ. ನೆಲಗಡಲೆ, ಉದ್ದು, ಕಲ್ಲಂಗಡಿ ಹಾಕದೆ ಬಿಟ್ಟ ಒಂದು ಗದ್ದೆಯನ್ನು ಡಿಸೆಂಬರಿನಿಂದ ಮೇ ತಿಂಗಳ ಮೊದಲ ವಾರದ ತನಕ ಮಕ್ಕಳಿಗೆ ಬಿಟ್ಟುಕೊಡಬಹುದು. ಮಕ್ಕಳು ತುಳಿದರೆ ಮಣ್ಣು ಗಟ್ಟಿಯಾಗಿ ಬೆಳೆಗೆ ತೊಂದರೆಯಾದೀತೆಂಬ ಅಂಜಿಕೆ ಕೆಲವರಿಗಿದೆ. ಮಳೆಗೆ ಮುಂಚೆ ಒಂದು ಸಲ ಚೆನ್ನಾಗಿ ಉಳುಮೆ ಮಾಡಿದರೆ ಮೇಲ್ಪದರ ಸಡಿಲವಾಗುತ್ತದೆ. ಹಟ್ಟಿಗೊಬ್ಬರ ಸೇರಿಸಿದರೆ ಮತ್ತೂ ಒಳ್ಳೆಯದು. ಆದರೆ ಗದ್ದೆ ಹಸಿಯಾಗಿರುವಾಗ ಆಡಿಸಬಾರದು. ಮಣ್ಣು ಹೆಚ್ಚು ಗಟ್ಟಿಯಾಗುವುದು ಆಗಲೇ.

ಹಂಗಾಮಿಗೆ ತಕ್ಕಂತೆ ಈ ಕ್ರಮವನ್ನು ಅನುಸರಿಸಬಹುದು:

1. ಜೂನ್‌ನಿಂದ ಸೆಪ್ಟೆಂಬರ್: ಮಳೆಗಾಲ. ಶಾಲೆಯ ಜಗಲಿ ಅಥವಾ ಸಭಾಭವನದಲ್ಲಿ ಹಗ್ಗ ಜಿಗಿತ, ಕುಂಟಾಬಿಲ್ಲೆ ಮತ್ತು ಯಕ್ಷಗಾನದ ಹೆಜ್ಜೆ. ಬಡಗುತಿಟ್ಟಿನ ಹೆಜ್ಜೆಯನ್ನು ಅರ್ಧ ಗಂಟೆ ಹಾಕಿದವರಿಗೆ ಬೇರೆ ವ್ಯಾಯಾಮ ಬೇಕಾಗುವುದಿಲ್ಲ. ಆಟ ಒಲ್ಲದ ಮಕ್ಕಳೂ ಚೆಂಡೆಯ ಪೆಟ್ಟಿಗೆ ಕಾಲು ಕುಣಿಸುತ್ತಾರೆ.
2. ಅಕ್ಟೋಬರ್, ನವೆಂಬರ್: ಕಟಾವಿನ ಕಾಲ. ಶಾಲೆಯ ಅಂಗಳದಲ್ಲಿ ಲಗೋರಿ, ಖೋಖೋ.
3. ಡಿಸೆಂಬರ್‌ನಿಂದ ಮಾರ್ಚ್: ಗದ್ದೆಯಲ್ಲಿ ಕಬಡ್ಡಿ, ಮುಟ್ಟಾಟ, ಓಟ, ವಾಲಿಬಾಲ್.
4. ಏಪ್ರಿಲ್, ಮೇ: ಸೆಕೆ ಹೆಚ್ಚು. ಬೆಳಿಗ್ಗೆ ಎಂಟು ಗಂಟೆಯೊಳಗೆ ಅಥವಾ ಸಂಜೆ ಐದರ ಮೇಲೆ ಆಟ. ನಡುನಡುವೆ ನೀರು.

ಎಚ್ಚರಿಕೆಯ ಮಾತುಗಳೂ ಇವೆ. ಗದ್ದೆಯಲ್ಲಿ ಗಾಜಿನ ಚೂರು, ತಂತಿ, ಕೂಳೆ ಇದ್ದರೆ ಮೊದಲು ತೆಗೆಸಬೇಕು. ಹತ್ತಿರದಲ್ಲಿ ಕಟ್ಟೆಯಿಲ್ಲದ ಬಾವಿ ಅಥವಾ ಮದಗ ಇದ್ದರೆ ಆ ಜಾಗವನ್ನು ಆರಿಸಲೇಬಾರದು. ಹಾವುಗಳ ಓಡಾಟ ಆರಂಭವಾಗುವ ಮುಸ್ಸಂಜೆಗೆ ಮೊದಲೇ ಆಟ ಮುಗಿಯಬೇಕು. ಮಳೆಗಾಲದಲ್ಲಿ ನಡೆಯುವ ಕೆಸರುಗದ್ದೆ ಆಟಗಳು ಮಕ್ಕಳಿಗೆ ಬಹಳ ಪ್ರಿಯ. ಆದರೆ ಕಾಲಿನಲ್ಲಿ ಗಾಯವಿರುವ ಮಗುವನ್ನು ಕೆಸರಿಗೆ ಇಳಿಸಬಾರದು. ನಿಂತ ನೀರಿನ ಮೂಲಕ ಇಲಿ ಜ್ವರ ತಗಲುವ ಭಯವಿದೆ. ಕೆಸರಾಟದ ಬಳಿಕ ಜ್ವರ, ಮೈಕೈ ನೋವು ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಹೆಣ್ಣುಮಕ್ಕಳು ಹತ್ತು ಹನ್ನೆರಡು ವರ್ಷವಾದೊಡನೆ ಆಟ ಬಿಡುವುದು ಎಲ್ಲ ಕಡೆಗಳಲ್ಲೂ ಕಾಣುವ ಸಂಗತಿ. ಅವರನ್ನು ಉಳಿಸಿಕೊಳ್ಳಲು ವಿದ್ಯಾರ್ಥಿನಿಯರೇ ಸ್ವಯಂಸೇವಕರಾಗಿ ಬರಬೇಕು. ಮಹಿಳಾ ಮಂಡಲದ ಅಥವಾ ಸ್ವಸಹಾಯ ಸಂಘದ ಒಬ್ಬ ಸದಸ್ಯೆ ಪ್ರತಿ ಸಂಜೆ ಬಯಲಲ್ಲಿ ಇರತಕ್ಕದ್ದು. ಯಾವ ಸ್ವಯಂಸೇವಕರೂ ಒಬ್ಬರೇ ಮಕ್ಕಳ ಜೊತೆ ಇರಬಾರದು, ಯಾವಾಗಲೂ ಇಬ್ಬರಾದರೂ ಇರಬೇಕು ಎಂಬ ನಿಯಮ ಮಕ್ಕಳ ರಕ್ಷಣೆಗೂ ಸ್ವಯಂಸೇವಕರ ಹೆಸರಿಗೂ ಒಳ್ಳೆಯದು.

ಆಡಿಸುವ ಕ್ರಮ

ಒಂದು ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು. ಹತ್ತು ನಿಮಿಷ ನಡಿಗೆ ಮತ್ತು ಮೈ ಸಡಿಲಿಸುವುದು, ಇಪ್ಪತ್ತು ನಿಮಿಷ ಓಟದ ಆಟ, ಇಪ್ಪತ್ತು ನಿಮಿಷ ತಂಡದ ಆಟ, ಕೊನೆಗೆ ಹತ್ತು ನಿಮಿಷ ನಿಧಾನದ ನಡಿಗೆ ಮತ್ತು ನೀರು. ಸ್ವಯಂಸೇವಕರು ಪಾಲಿಸಬೇಕಾದ ನಿಯಮಗಳು ನಾಲ್ಕೇ:

ಮೊದಲನೆಯದಾಗಿ, ನಾಯಕರು ಒಬ್ಬೊಬ್ಬರನ್ನೇ ಆರಿಸಿ ತಂಡ ಕಟ್ಟುವ ಪದ್ಧತಿ ಬೇಡ. ಕೊನೆಗೆ ಉಳಿದ ಮಗುವಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಒಂದು, ಎರಡು ಎಂದು ಎಣಿಸಿ ತಂಡ ಮಾಡಬೇಕು.

ಎರಡನೆಯದಾಗಿ, ಔಟಾದ ಮಗು ಹೊರಗೆ ಕೂರಬಾರದು. ಬೇಗ ಔಟಾಗುವುದು ನಿಧಾನವಾಗಿ ಓಡುವ ಮಗುವೇ. ಅದನ್ನು ಕೂರಿಸಿದರೆ ಆಟದ ಉದ್ದೇಶವೇ ಕೆಟ್ಟಿತು. ಇಪ್ಪತ್ತು ಎಣಿಸಿ ಮತ್ತೆ ಒಳಗೆ ಬಿಡಬೇಕು.

ಮೂರನೆಯದಾಗಿ, 'ಡುಮ್ಮ', 'ಮೂಟೆ', 'ಕಡ್ಡಿ' ಎಂಬ ಅಡ್ಡಹೆಸರುಗಳು ಬಯಲಲ್ಲಿ ಕೇಳಬಾರದು. ಹೀಯಾಳಿಸಿದರೆ ಮಗು ತೆಳ್ಳಗಾಗುವುದಿಲ್ಲ. ಮನೆಯೊಳಗೆ ಸೇರಿಕೊಂಡು ಇನ್ನಷ್ಟು ತಿನ್ನುತ್ತದೆ.

ನಾಲ್ಕನೆಯದಾಗಿ, ಬಯಲಲ್ಲಿ ತೂಕದ ಯಂತ್ರ ಇಡಬಾರದು. ಎತ್ತರ, ತೂಕ ನೋಡುವುದು ಆರೋಗ್ಯ ಇಲಾಖೆಯವರ ಕೆಲಸ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅಳತೆ ಮಾಡಿಸಿ, ಫಲವನ್ನು ತಂದೆತಾಯಿಗೆ ಮಾತ್ರ ತಿಳಿಸಬೇಕು. ಮಗುವಿನ ಬೊಜ್ಜನ್ನು ವಯಸ್ಸು, ಎತ್ತರ, ತೂಕ ಮೂರನ್ನೂ ಸೇರಿಸಿ ನಿರ್ಧರಿಸುತ್ತಾರೆ. ಕಣ್ಣಂದಾಜು ಸಾಲದು.

ಊಟದ ಮಾತು

ಬಿಜೂರಿನ ಸುತ್ತಮುತ್ತ ಬೆಳೆಯುವ ನೆಲಗಡಲೆ ಮೂಟೆಯಾಗಿ ಪೇಟೆಗೆ ಹೋಗುತ್ತದೆ. ಆ ಹಣದಿಂದ ಮಕ್ಕಳಿಗೆ ಪೊಟ್ಟಣದ ತಿಂಡಿ ಮನೆಗೆ ಬರುತ್ತದೆ. ಈ ವ್ಯಾಪಾರದಲ್ಲಿ ನಷ್ಟ ಯಾರಿಗೆ ಎಂದು ಪ್ರತಿ ಮನೆಯೂ ಯೋಚಿಸಬೇಕು. ಆಟದ ಬಳಿಕ ಮಕ್ಕಳಿಗೆ ಒಂದು ಹಿಡಿ ಬೇಯಿಸಿದ ನೆಲಗಡಲೆ ಅಥವಾ ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಸಾಕು. ರಾತ್ರಿ ಕುಚ್ಚಲಕ್ಕಿಯ ಅನ್ನ, ಹರಿವೆ ಅಥವಾ ಬಸಳೆಯ ಪದಾರ್ಥ, ಅಲಸಂಡೆ ಅಥವಾ ಹುರುಳಿ, ಮೀನು ತಿನ್ನುವ ಮನೆಗಳಲ್ಲಿ ಬಂಗುಡೆ ಅಥವಾ ಬೂತಾಯಿಯ ಸಾರು. ಮೀನನ್ನು ಹುರಿಯುವುದಕ್ಕಿಂತ ಸಾರು ಮಾಡುವುದು ಲೇಸು. ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಅದನ್ನು ಬಿಟ್ಟು ಅಂಗಡಿಯ ತಿಂಡಿಗೆ ಮಕ್ಕಳ ಕೈಯಲ್ಲಿ ಚಿಲ್ಲರೆ ಕೊಡಬಾರದು.

ಬೆಳೆಯುವ ಮಗುವನ್ನು ಉಪವಾಸ ಕೆಡವುವುದು ತಪ್ಪು. ಬಹುಪಾಲು ಮಕ್ಕಳಲ್ಲಿ ತೂಕ ಇಳಿಸುವ ಅವಸರ ಬೇಡ. ತೂಕ ಹಾಗೆಯೇ ನಿಂತು ಎತ್ತರ ಏರುತ್ತ ಹೋದರೆ ಮೈ ತಾನಾಗಿಯೇ ಹದಕ್ಕೆ ಬರುತ್ತದೆ. ಬೊಜ್ಜು ಹೆಚ್ಚಾಗಿದ್ದರೆ ವೈದ್ಯರ ಸಲಹೆ ಪಡೆಯಲೇಬೇಕು. ಪಂದ್ಯಾಟ ನಡೆಸುವ ಯುವಕ ಮಂಡಲಗಳು ಮಕ್ಕಳಿಗೆ ತಂಪು ಪಾನೀಯದ ಬದಲು ಎಳನೀರು ಕೊಟ್ಟರೆ ಊರಿನ ತೆಂಗು ಬೆಳೆಗಾರನಿಗೂ ಲಾಭ.

ಕೆಲವು ಸಂದೇಹಗಳು

ದಿನಕ್ಕೆ ಒಂದು ಗಂಟೆ ಆಡಿದರೆ ಓದು ಹಾಳಾಗುವುದಿಲ್ಲವೇ? ಇಲ್ಲ. ಆಡಿ ಬಂದ ಮಗುವಿಗೆ ನಿದ್ರೆ ಚೆನ್ನಾಗಿ ಬರುತ್ತದೆ, ಪಾಠದ ಕಡೆಗೆ ಗಮನ ನಿಲ್ಲುತ್ತದ‌ೆ. ಆ ಒಂದು ಗಂಟೆಯನ್ನು ಮೊಬೈಲಿನಿಂದ ತೆಗೆದುಕೊಳ್ಳಬೇಕು, ಪುಸ್ತಕದಿಂದಲ್ಲ.

ತೆಳ್ಳಗಿರುವ ಮಗುವಿಗೂ ಆಟ ಬೇಕೇ? ಬೇಕು. ಮೂಳೆ ಮತ್ತು ಸ್ನಾಯು ಗಟ್ಟಿಯಾಗುವುದು ಆಟದಿಂದ. ಆದರೆ ಅದರ ತಟ್ಟೆಗೆ ಒಂದು ತುತ್ತು ಹೆಚ್ಚು ಬೀಳಬೇಕು.

ಉಬ್ಬಸ ಅಥವಾ ಹೃದಯದ ತೊಂದರೆ ಇರುವ ಮಗು? ವೈದ್ಯರನ್ನು ಕೇಳಿಯೇ ಆಡಿಸಬೇಕು. ಸ್ವಯಂಸೇವಕರಿಗೆ ಈ ವಿಷಯ ಮೊದಲೇ ತಿಳಿದಿರಬೇಕು.

ಫಲ ಯಾವಾಗ?

ಈ ಕೆಲಸ ಸಾಗುತ್ತಿದೆಯೇ ಎಂದು ತಿಳಿಯಲು ಒಂದು ಹಾಜರಿ ಪುಸ್ತಕ ಇಟ್ಟರೆ ಸಾಕು. ಎಷ್ಟು ಮಕ್ಕಳು ಬಂದರು, ಹಿಂದೆ ಆಡದಿದ್ದವರಲ್ಲಿ ಎಷ್ಟು ಮಂದಿ ಬಂದರು, ಆರು ತಿಂಗಳಾದ ಮೇಲೂ ಎಷ್ಟು ಮಂದಿ ಉಳಿದರು ಎಂಬುದನ್ನು ಬರೆಯಬೇಕು. ಮೊದಲ ವರ್ಷವೇ ತೂಕದಲ್ಲಿ ಬದಲಾವಣೆ ಹುಡುಕಬಾರದು. ಊರ ತಳಿಯ ತೆಂಗಿನ ಸಸಿ ನೆಟ್ಟವನು ಮರುವರ್ಷ ಗೊನೆಗೆ ಕತ್ತಿ ಹಿಡಿದು ಹೋಗುವುದಿಲ್ಲ. ಆರೇಳು ವರ್ಷ ನೀರು, ಗೊಬ್ಬರ ಕೊಟ್ಟು ಕಾಯುತ್ತಾನೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳಿದ್ದಾರೆ. ಗದ್ದೆ ಇರುವವರು ಗದ್ದೆ ಕೊಡಲಿ, ಕಾಲೇಜಿನ ಮಕ್ಕಳು ವಾರಕ್ಕೆ ಎರಡು ಗಂಟೆ ಕೊಡಲಿ, ತಾಯಂದಿರು ಒಂದು ಹಿಡಿ ನೆಲಗಡಲೆ ಬೇಯಿಸಿ ಕೊಡಲಿ. ಒಂದು ಸಂಜೆ ಅಂಕ ಬರೆಯುವ ಹುಡುಗ ಪುಸ್ತಕ ಕೆಳಗಿಟ್ಟು ಅಂಕಣಕ್ಕೆ ಇಳಿದರೆ, ಚೀಲ ಕಾಯುವ ಹುಡುಗಿ ಲಗೋರಿಯ ಚೆಂಡಿಗೆ ಕೈ ಚಾಚಿದರೆ, ಈ ಯೋಜನೆ ಬೇರು ಬಿಟ್ಟಿತೆಂದು ತಿಳಿಯಬಹುದು. ಆ ಸಂಜೆ ಬಿಜೂರಿಗೆ ಬೇಗ ಬರಲಿ.